ದುಡಿಯುವ ಮಗು ತರಗತಿಯಲ್ಲಿ ಯಾಕೆ ಕೈ ಎತ್ತುವುದಿಲ್ಲ?

ಕಪ್ಪುಹಲಗೆ:
ಎಲ್ಲರಿಗೂ ನಮಸ್ಕಾರ. ನಾನು ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಒಂದು ವಿಷಯ ತಲೆ ಕೊರೆಯುತ್ತಿದೆ, ಇಲ್ಲಿ ಕೇಳೋಣ ಅನ್ನಿಸಿತು.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಶಾಲೆ ಮುಗಿಸಿ ಗ್ಯಾರೇಜಿಗೆ ಹೋಗುತ್ತಾನೆ. ರಜೆ ದಿನ ಪೂರ್ತಿ ಅಲ್ಲೇ. ಅವನು ಅಲ್ಲಿ ಹೇಗಿರುತ್ತಾನೆ ಅಂತ ನೋಡಿದ್ದೇನೆ. ತನಗಿಂತ ಮೂರು ಪಟ್ಟು ವಯಸ್ಸಿನವರಿಗೆ "ಇದು ಸವೆದು ಹೋಗಿದೆ, ಇನ್ನು ಎಳೆದರೆ ಪ್ರಯೋಜನ ಇಲ್ಲ" ಅಂತ ನೇರವಾಗಿ ಹೇಳುತ್ತಾನೆ. ಅವರೂ ಕೇಳುತ್ತಾರೆ. ಅದೇ ಹುಡುಗ ತರಗತಿಯಲ್ಲಿ ಎರಡೂ ಕೈಯನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡು ಕೂರುತ್ತಾನೆ. ಉಗುರಿನ ಸಂದಿಯ ಕಪ್ಪು ಎಷ್ಟು ತೊಳೆದರೂ ಹೋಗುವುದಿಲ್ಲ, ಅದಕ್ಕೆ. ಹಲಗೆ ಹತ್ತಿರ ಬಾ ಅಂದರೆ ಪ್ರಶ್ನೆ ಕೇಳುವ ಮೊದಲೇ "ನಂಗೆ ಬರಲ್ಲ ಮಿಸ್" ಅನ್ನುತ್ತಾನೆ.

ಹಾಗಾದರೆ ದುಡಿಮೆ ಮಗುವಿನ ಆತ್ಮಗೌರವವನ್ನು ಬೆಳೆಸುತ್ತದೆಯೋ, ಕುಗ್ಗಿಸುತ್ತದೆಯೋ? ಕಾನೂನಿನ ಭಾಷಣ ಬೇಡ, ಅದು ಗೊತ್ತಿದೆ. ತರಗತಿಯೊಳಗೆ ಏನಾಗುತ್ತದೆ ಅನ್ನೋದನ್ನ ಯಾರಾದರೂ ಹೇಳಿ.

ಹಳೆಬೆಂಚು:
ಮೇಡಂ, ನೀವೇ ಉತ್ತರ ಹೇಳಿಬಿಟ್ಟಿದ್ದೀರಿ. ಗ್ಯಾರೇಜಿನಲ್ಲಿ ಅವನು ರಾಜ. ಅಂದರೆ ಕೆಲಸ ಅವನಿಗೆ ಧೈರ್ಯ ಕೊಟ್ಟಿದೆ. ನಮ್ಮ ಕಾಲದಲ್ಲಿ ಕೆಲಸ ಮಾಡದೆ ಓದಿದವರು ಎಷ್ಟು ಜನ ಇದ್ದರು? ಯಾರಿಗೂ ಮನಸ್ಸು ಕುಗ್ಗಲಿಲ್ಲ. ಈಗಿನ ಮಕ್ಕಳಿಗೆ ಒಂದು ಲೋಟ ನೀರು ತಗೊಳ್ಳೋಕೂ ಬರಲ್ಲ. ಸಮಸ್ಯೆ ಇರೋದು ಶಾಲೆಯಲ್ಲಿ, ಕೆಲಸದಲ್ಲಲ್ಲ. ಸುಮ್ನೆ ಎಲ್ಲವನ್ನೂ ಬಾಲಕಾರ್ಮಿಕ ಪದ್ಧತಿ ಅಂತ ಕರೆದರೆ ಹೇಗೆ?

ಮೂರನೇಸಾಲು:
ಹಳೆಬೆಂಚು ಸರ್, "ಯಾರಿಗೂ ಮನಸ್ಸು ಕುಗ್ಗಲಿಲ್ಲ" ಅಂತ ನಿಮಗೆ ಹೇಗೆ ಗೊತ್ತು? ಕುಗ್ಗಿದವರು ಶಾಲೆ ಬಿಟ್ಟರು. ಉಳಿದವರು ಮಾತ್ರ ಇವತ್ತು ಕೂತು "ನಾವೂ ದುಡಿದಿದ್ದೆವು" ಅಂತ ಹೇಳುತ್ತಿದ್ದಾರೆ.

ನಾನು ಬೆಳಗಿನ ಜಾವ ಮನೆಮನೆಗೆ ಪೇಪರ್ ಹಾಕಿ, ಆಮೇಲೆ ಒಂದು ಅಂಗಡಿ ಗುಡಿಸಿ, ನೀರು ಹಾಕಿ ಶಾಲೆಗೆ ಓಡುತ್ತಿದ್ದವನು. ಹೆಮ್ಮೆ ಇರಲಿಲ್ಲ ಅಂತ ಹೇಳಲ್ಲ, ಇತ್ತು. ಅಮ್ಮನ ಕೈಗೆ ದುಡ್ಡು ಇಡುವಾಗ ಎದೆ ಉಬ್ಬುತ್ತಿತ್ತು. ಆದರೆ ಶಾಲೆ ಗೇಟಿನ ಹತ್ತಿರ ಬಂದ ಕೂಡಲೇ ಅದೆಲ್ಲ ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ. ಹಾಜರಿ ಮುಗಿದಿರುತ್ತಿತ್ತು. ಬಾಗಿಲಲ್ಲಿ ನಿಂತು "ಒಳಗೆ ಬರ್ಲಾ ಸಾರ್" ಅನ್ನಬೇಕು. ಅವರು ಬರೆಯುತ್ತಿದ್ದ ಸಾಲು ಮುಗಿಸುವವರೆಗೆ ತಿರುಗಿ ನೋಡುತ್ತಿರಲಿಲ್ಲ. ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ದಿನಾ ಇದೇ. ಒಂದು ದಿನ ಮೇಷ್ಟ್ರು "ಬಂದ್ರಪ್ಪ ಸಾಹುಕಾರ್ರು" ಅಂದರು. ಎಲ್ಲರೂ ನಕ್ಕರು. ಅವರು ಕೆಟ್ಟವರೇನಲ್ಲ, ತಮಾಷೆಗೆ ಹೇಳಿದ್ದು. ಆದರೆ ಆ ವರ್ಷ ಪೂರ್ತಿ ನನ್ನ ಹೆಸರು ಅದೇ ಆಯಿತು.

ಕೆಲಸ ನನ್ನನ್ನು ಕುಗ್ಗಿಸಲಿಲ್ಲ ಅನ್ನೋದು ಅರ್ಧ ನಿಜ. ಕೆಲಸದಿಂದ ತಡ ಆಗುತ್ತಿತ್ತು, ನಿದ್ದೆ ಬರುತ್ತಿತ್ತು, ಹೋಂವರ್ಕ್ ಆಗುತ್ತಿರಲಿಲ್ಲ. ಆ ಮೂರಕ್ಕೂ ಶಾಲೆಯಲ್ಲಿ ಇರೋ ಹೆಸರು "ದಡ್ಡ", "ಸೋಮಾರಿ". ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದವನಿಗೆ ಸೋಮಾರಿ ಅನ್ನೋ ಹೆಸರು.

ಮನೋಲಿಪಿ:
ಮೂರನೇಸಾಲು ಹೇಳಿದ್ದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯ ಆಧಾರ ಇದೆ. ನಾನು ಈ ವಿಷಯ ಓದುತ್ತಿರುವವಳು, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಆತ್ಮಗೌರವ ಅನ್ನೋದು ಒಂದೇ ಮುದ್ದೆ ಅಲ್ಲ. ಮಕ್ಕಳಿಗಾಗಿ ಮನಶ್ಶಾಸ್ತ್ರಜ್ಞೆ ಸೂಸನ್ ಹಾರ್ಟರ್ 1985ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಓದು, ಗೆಳೆತನ, ಆಟ, ರೂಪ, ನಡತೆ ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳುತ್ತಾರೆ. "ಒಟ್ಟಾರೆ ನಾನು ಎಂಥವನು" ಅನ್ನೋದನ್ನೂ ಪ್ರತ್ಯೇಕವಾಗಿ ಕೇಳುತ್ತಾರೆ. ಒಂದೇ ಮಗು ಒಂದರಲ್ಲಿ ಗಟ್ಟಿ, ಇನ್ನೊಂದರಲ್ಲಿ ಪೂರಾ ಸೋತಿರಬಹುದು. ಹಾಗಾಗಿ ಗ್ಯಾರೇಜಿನ ಹುಡುಗನಲ್ಲಿ ವಿಚಿತ್ರ ಏನೂ ಇಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸೋದು ಬೇರೆ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಒಂದು ಲೆಕ್ಕ ಹೇಳಿದ್ದರು: ನಮ್ಮ ಗೆಲುವನ್ನು ನಮ್ಮ ಆಸೆಯಿಂದ ಭಾಗಿಸಿದರೆ ಬರೋದೇ ಆತ್ಮಗೌರವ. ಅಂದರೆ ಅದನ್ನು ಏರಿಸಲು ಎರಡು ದಾರಿ. ಗೆಲುವು ಜಾಸ್ತಿ ಮಾಡಿಕೊಳ್ಳಬಹುದು. ಇಲ್ಲಾಂದ್ರೆ ಆಸೆಯನ್ನೇ ಬಿಡಬಹುದು. ದಿನಾ ಸೋಲುವ ಮಗು ಎರಡನೇ ದಾರಿ ಹಿಡಿಯುತ್ತದೆ. "ಓದು ನನಗಲ್ಲ" ಅಂದುಬಿಟ್ಟರೆ ನೋವು ನಿಂತು ಹೋಗುತ್ತದೆ. ಕಪ್ಪುಹಲಗೆ ಅಕ್ಕ, ನಿಮ್ಮ ಹುಡುಗ ಪ್ರಶ್ನೆ ಕೇಳುವ ಮೊದಲೇ "ಬರಲ್ಲ" ಅನ್ನೋದು ನನಗೆ ಇದರ ಹಾಗೆ ಕಾಣುತ್ತಿದೆ. ಪ್ರಯತ್ನ ಮಾಡಿ ಸೋತರೆ ನಗುತ್ತಾರೆ. ಪ್ರಯತ್ನವನ್ನೇ ಮಾಡದಿದ್ದರೆ ಸೋತ ಹಾಗಲ್ಲ, ಅಲ್ವಾ?

ಇಂಥ ಮಗುವಿಗೆ ರೋಸೆನ್‌ಬರ್ಗ್ ಮಾಪನ ಕೊಟ್ಟರೆ (ಆತ್ಮಗೌರವ ಅಳೆಯೋಕೆ 1965ರಲ್ಲಿ ಮಾಡಿದ್ದು, ಹತ್ತು ವಾಕ್ಯ, ಒಪ್ತೀಯೋ ಇಲ್ವೋ ಅಂತ ಕೇಳೋದು) ಅಂಕ ಚೆನ್ನಾಗೇ ಬರಬಹುದು. ನೋಡಿದವರು "ಇವನಿಗೇನೂ ಆಗಿಲ್ಲ" ಅಂತಾರೆ. ಆಗಿರೋದು ಏನಂದ್ರೆ, ಅವನು ತನ್ನ ಗೌರವವನ್ನು ಕಳೆದುಕೊಂಡಿಲ್ಲ, ಅದನ್ನು ಶಾಲೆಯಿಂದ ಎತ್ತಿ ಬೇರೆ ಕಡೆ ಇಟ್ಟುಕೊಂಡಿದ್ದಾನೆ. ಶಾಲೆ ಬಿಡೋದು ಅದರ ಮುಂದಿನ ಹೆಜ್ಜೆ ಅಷ್ಟೇ.

ಹಳೆಬೆಂಚು:
ಇದು ಯೋಚಿಸಬೇಕಾದ ಮಾತು ಕಣಮ್ಮ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಮನೆ ಕೆಲಸಕ್ಕೆ ಕೈ ಜೋಡಿಸೋದಕ್ಕೂ ಬಾಲಕಾರ್ಮಿಕ ಅನ್ನೋದಕ್ಕೂ ಗೆರೆ ಎಲ್ಲಿ?

ಎಣಿಕೆ:
ಗೆರೆ ಇದೆ ಸರ್. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 138ನೇ ಒಪ್ಪಂದ, 1973ರದ್ದು. ಕೆಲಸಕ್ಕೆ ಸೇರಲು ಕನಿಷ್ಠ ವಯಸ್ಸು ಸಾಮಾನ್ಯವಾಗಿ 15. ಆರ್ಥಿಕತೆ, ಶಿಕ್ಷಣ ಇನ್ನೂ ಬೆಳೆಯದ ದೇಶಗಳು ಮೊದಲಿಗೆ 14 ಇಟ್ಟುಕೊಳ್ಳಬಹುದು. ಆರೋಗ್ಯಕ್ಕೆ, ಓದಿಗೆ ತೊಂದರೆ ಮಾಡದ ಹಗುರ ಕೆಲಸಕ್ಕೆ 13, ಆ ದೇಶಗಳಲ್ಲಿ 12. ಅಪಾಯದ ಕೆಲಸಕ್ಕೆ 18. ಅತಿ ಕೆಟ್ಟ ಬಗೆಯ ದುಡಿಮೆ ತಡೆಯಲು 1999ರಲ್ಲಿ ಬಂದಿದ್ದು 182ನೇ ಒಪ್ಪಂದ. 2020ರಲ್ಲಿ ಸಂಸ್ಥೆಯ ಎಲ್ಲ ಸದಸ್ಯ ದೇಶಗಳೂ ಅದನ್ನು ಒಪ್ಪಿಕೊಂಡಂತಾಯಿತು. ಅಂಥದ್ದು ಆ ಸಂಸ್ಥೆಯ ಇತಿಹಾಸದಲ್ಲೇ ಮೊದಲು.

ಎಣಿಸುವಾಗ ಗಂಟೆ ನೋಡುತ್ತಾರೆ. 5ರಿಂದ 11 ವಯಸ್ಸಿನ ಮಗು ವಾರಕ್ಕೆ ಒಂದು ಗಂಟೆ ಆದಾಯದ ಕೆಲಸ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. 12ರಿಂದ 14ರವರಿಗೆ ವಾರಕ್ಕೆ 14 ಗಂಟೆ. ಕೆಲಸ ಅಪಾಯದ್ದಾದರೆ ಎಷ್ಟು ಗಂಟೆ ಆದರೂ ಲೆಕ್ಕಕ್ಕೆ ಬರುತ್ತದೆ. ತಟ್ಟೆ ತೊಳೆದುಕೊಟ್ಟ ಮಗುವನ್ನು ಯಾರೂ ಬಾಲಕಾರ್ಮಿಕ ಅನ್ನುತ್ತಿಲ್ಲ.

2025ರಲ್ಲಿ ಆ ಸಂಸ್ಥೆ ಮತ್ತು ಯೂನಿಸೆಫ್ ಕೊಟ್ಟ ಅಂದಾಜಿನ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ ಸುಮಾರು 13.8 ಕೋಟಿ ಮಕ್ಕಳು ದುಡಿಯುತ್ತಿದ್ದರು. ಅದರಲ್ಲಿ 5.4 ಕೋಟಿ ಮಕ್ಕಳದ್ದು ಅಪಾಯದ ಕೆಲಸ. 2020ರಲ್ಲಿ ಒಟ್ಟು 16 ಕೋಟಿ ಇತ್ತು, ಕಮ್ಮಿ ಆಗಿದೆ. ಜಾಸ್ತಿ ಪಾಲು ಕೃಷಿಯಲ್ಲಿ, ಶೇ. 61. ಕಾರ್ಖಾನೆ ಅಂತ ನಾವು ಊಹಿಸಿಕೊಳ್ಳೋದು ತಪ್ಪು ಚಿತ್ರ.

ಈ ಚರ್ಚೆಗೆ ಮುಖ್ಯವಾದ ಅಂಕಿ 2020ರ ವರದಿಯಲ್ಲಿದೆ. ದುಡಿಯುವ 5ರಿಂದ 11ರ ಮಕ್ಕಳಲ್ಲಿ ಶಾಲೆಯಿಂದ ಹೊರಗಿದ್ದವರು ಶೇ. 28. 12ರಿಂದ 14ರವರಲ್ಲಿ ಶೇ. 35. ತಿರುಗಿಸಿ ಓದಿ. ಅಂದರೆ ದುಡಿಯುವ ಮಕ್ಕಳಲ್ಲಿ ಹೆಚ್ಚಿನವರು ನಮ್ಮ ತರಗತಿಯಲ್ಲೇ ಕೂತಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಹಾಗಾಗಿ ನಮಗೆ ಕಾಣುವುದಿಲ್ಲ.

ಗರಿಕೆ:
ನಾನು ಇಂಥ ಕಡೆ ಬರೆಯೋದು ಕಮ್ಮಿ. ಆದರೆ ಮೇಲೆ ಎಲ್ಲರೂ ಕೆಲಸದ ಜಾಗದಲ್ಲಿ ಹೆಮ್ಮೆ, ಶಾಲೆಯಲ್ಲಿ ಅವಮಾನ ಅಂತ ಮಾತಾಡುತ್ತಿದ್ದೀರಿ. ನನಗೆ ಎರಡೂ ಕಡೆ ಹೆಮ್ಮೆ ಇರಲಿಲ್ಲ.

ಬೇರೆಯವರ ಮನೆಯಲ್ಲಿ ಇದ್ದುಕೊಂಡು ಕೆಲಸ ಮಾಡುತ್ತಿದ್ದೆ. "ಓದಿಸ್ತೀವಿ" ಅಂತ ಕರೆದುಕೊಂಡು ಹೋಗಿದ್ದರು. ಶಾಲೆಗೂ ಕಳಿಸಿದರು, ಸುಳ್ಳು ಹೇಳಲ್ಲ. ಆ ಮನೆಯ ಮಗಳೂ ಅದೇ ಶಾಲೆ, ಅದೇ ತರಗತಿ. ಬೆಳಗ್ಗೆ ಅವಳ ಬ್ಯಾಗ್ ನಾನು ತುಂಬಿ, ಅವಳ ಶೂ ನಾನು ಒರೆಸಿ, ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಒಂದೇ ಪಾಠ ಕೇಳಬೇಕಿತ್ತು. ಅವಳಿಗಿಂತ ಜಾಸ್ತಿ ಅಂಕ ಬಂದ ದಿನ ಮನೆಗೆ ಹೋಗೋಕೆ ಭಯ ಆಗುತ್ತಿತ್ತು. ಅದಕ್ಕೇ ಗೊತ್ತಿರೋ ಉತ್ತರ ಬಿಟ್ಟು ಬರುತ್ತಿದ್ದೆ. ಟೀಚರ್‌ಗೆ ನಾನು ದಡ್ಡಿ ಅಂತಲೇ ಗೊತ್ತು.

ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ", "ಇವಳೇ", ಅತಿಥಿಗಳ ಮುಂದೆ "ನಮ್ಮ ಹುಡುಗಿ". ಹೊಡೆಯಲಿಲ್ಲ, ಬೈದದ್ದೂ ಕಮ್ಮಿ. ಆದರೆ ಹಾಜರಿ ಕರೆಯುವಾಗ ನನ್ನ ಹೆಸರು ಕೇಳಿದರೆ ಒಂದು ಕ್ಷಣ ಯಾರದ್ದೋ ಅನ್ನಿಸುತ್ತಿತ್ತು. ದುಡಿಮೆಯ ದುಡ್ಡು ನೇರ ಊರಿಗೆ ಹೋಗುತ್ತಿತ್ತಂತೆ. ಎಷ್ಟು ಅಂತ ಇವತ್ತಿಗೂ ಗೊತ್ತಿಲ್ಲ. ನನ್ನ ಕೈಯಲ್ಲಿ ಅದನ್ನು ನೋಡಿದ್ದರೆ ಮೂರನೇಸಾಲು ಅವರಿಗೆ ಆದ ಹಾಗೆ ಎದೆ ಉಬ್ಬುತ್ತಿತ್ತೇನೋ.

ಆದ್ದರಿಂದ "ಕೆಲಸ" ಅಂತ ಒಂದೇ ಮಾತಲ್ಲಿ ಹೇಳಬೇಡಿ.

ಮೂರನೇಸಾಲು:
ಗರಿಕೆ ಅಕ್ಕ, ಓದಿ ಸುಮ್ಮನೆ ಕೂತುಬಿಟ್ಟೆ. ನನ್ನ ಕೆಲಸ ಹೊರಗಿನದು. ರಸ್ತೆಯಲ್ಲಿ ನಾಲ್ಕು ಜನರ ಪರಿಚಯ ಆಗುತ್ತಿತ್ತು. ಕೆಲಸ ಮುಗಿದರೆ ಮುಗೀತು. ನಿಮಗೆ ಮುಗಿಯೋ ಹೊತ್ತೇ ಇರಲಿಲ್ಲ.

ಮನೋಲಿಪಿ:
ಗರಿಕೆ ಅವರು ಬರೆದಿದ್ದು ನಾನು ಹೇಳಿದ ಸಿದ್ಧಾಂತಕ್ಕಿಂತ ದೊಡ್ಡದು. ಬೇರೆಯವರ ಕಣ್ಣಲ್ಲಿ ನಾವು ಹೇಗೆ ಕಾಣುತ್ತೇವೆ ಅನ್ನೋದರಿಂದಲೇ ನಮ್ಮ ಬಗ್ಗೆ ನಮಗೆ ಒಂದು ಅಂದಾಜು ಹುಟ್ಟುತ್ತದೆ ಅಂತ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲಿ ಹೇಳಿದ್ದರು. ಗ್ಯಾರೇಜಿನ ಹುಡುಗನಿಗೆ ಒಳ್ಳೆಯದಾಗಿ ಕಾಣುವ ಒಂದು ಜಾಗವಾದರೂ ಇದೆ. ಮನೆಗೆಲಸದ ಮಗುವಿಗೆ ಅದೂ ಇಲ್ಲ. ಕೆಲಸ ಎಷ್ಟು ಭಾರ ಅನ್ನೋದರ ಜೊತೆ ಮೂರು ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ. ಯಾರ ಜೊತೆ ಕೆಲಸ, ಹೇಗೆ ಕರೆಯುತ್ತಾರೆ, ಬೇಡ ಅನ್ನೋ ಹಕ್ಕು ಇದೆಯಾ.

ಅಂಗಳ:
ಇಲ್ಲಿ ಯಾರೂ ಹೇಳದ ಒಂದು ಕೆಲಸ ಇದೆ. ತಮ್ಮ ತಂಗಿಯರನ್ನು ನೋಡಿಕೊಳ್ಳೋದು. ಅಪ್ಪ ಅಮ್ಮ ದುಡಿಯಲು ಹೋದರೆ ಹತ್ತು ವರ್ಷದ ಹುಡುಗಿ ಮನೆಯಲ್ಲಿ ಯಜಮಾನಿ. ಸಂಬಳ ಇಲ್ಲ, ಹಾಗಾಗಿ ಕೆಲಸ ಅನ್ನೋ ಹೆಸರೂ ಇಲ್ಲ. ಯೂನಿಸೆಫ್ 2016ರಲ್ಲಿ ಹೇಳಿದ್ದು ನೆನಪಿದೆ: 5ರಿಂದ 14ರ ಹುಡುಗಿಯರು ಅದೇ ವಯಸ್ಸಿನ ಹುಡುಗರಿಗಿಂತ ಶೇ. 40ರಷ್ಟು ಜಾಸ್ತಿ ಹೊತ್ತು ಮನೆಕೆಲಸ ಮಾಡುತ್ತಾರೆ. ಹುಡುಗ ಗ್ಯಾರೇಜಿಗೆ ಹೋದರೆ "ಪಾಪ, ದುಡಿಯುತ್ತಾನೆ". ಹುಡುಗಿ ಮಗು ಎತ್ತಿಕೊಂಡರೆ "ಮನೇಲಿ ಇದ್ದಾಳಲ್ಲ, ಏನು ಕಷ್ಟ".

ನನ್ನ ಮಗಳ ಗೆಳತಿಯೊಬ್ಬಳು ಹೀಗೇ. ಗುಂಪು ಚಟುವಟಿಕೆ ಅಂದರೆ ಅವಳನ್ನು ಯಾರೂ ಸೇರಿಸಿಕೊಳ್ಳಲ್ಲ. ಸಂಜೆ ಸೇರೋಕೆ ಅವಳು ಬರಲ್ಲ ಅಂತ ಎಲ್ಲರಿಗೂ ಗೊತ್ತು. ಮೊದಮೊದಲು ಕರೆಯುತ್ತಿದ್ದರು. ಆಮೇಲೆ ಕರೆಯೋದನ್ನೇ ಬಿಟ್ಟರು. ಮಕ್ಕಳಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ಅವಳು ಮಗಳ ಹತ್ತಿರ ಹೇಳಿದಳಂತೆ, "ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ". ಹನ್ನೊಂದು ವರ್ಷದ ಮಗು ಹೇಳೋ ಮಾತಾ ಇದು?

ಎಣಿಕೆ:
ಅಂಗಳ ಅವರ ಮಾತಿಗೆ ಒಂದು ಸೇರ್ಪಡೆ. ಸಾಮಾನ್ಯ ಲೆಕ್ಕದಲ್ಲಿ ದುಡಿಯುವ ಮಕ್ಕಳಲ್ಲಿ ಹುಡುಗರೇ ಜಾಸ್ತಿ. ಆದರೆ ವಾರಕ್ಕೆ 21 ಗಂಟೆ ಮೀರಿದ ಮನೆಕೆಲಸವನ್ನೂ ಸೇರಿಸಿ ಎಣಿಸಿದರೆ ಹುಡುಗಿಯರು ಮುಂದೆ ಬರುತ್ತಾರೆ. ಎಣಿಸುವ ರೀತಿಯೇ ಯಾರು ಕಾಣಬೇಕು ಅಂತ ತೀರ್ಮಾನಿಸುತ್ತದೆ.

ಲೆಕ್ಕದಮೇಷ್ಟ್ರು:
ತಡವಾಗಿ ಬಂದೆ. ಕಪ್ಪುಹಲಗೆ ಮೇಡಂ, "ನಂಗೆ ಬರಲ್ಲ" ಅನ್ನೋ ಹುಡುಗನಿಗೆ ನಿಜವಾಗಿ ಏನು ಬರುತ್ತೆ ಅಂತ ನೋಡಿದ್ದೀರಾ?

1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಮೂವರು ಸಂಶೋಧಕರು ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳ ಹತ್ತಿರ ಗಿರಾಕಿಗಳ ಹಾಗೆ ಹೋದರು. ಇಷ್ಟು ಕೊಟ್ಟರೆ ಎಷ್ಟಾಯಿತು, ಚಿಲ್ಲರೆ ಎಷ್ಟು ಅಂತ ಕೇಳಿದರು. ಮಕ್ಕಳು ಬಾಯಲ್ಲೇ ಲೆಕ್ಕ ಹಾಕಿ ಹೇಳಿದರು. ಶೇ. 98ರಷ್ಟು ಉತ್ತರ ಸರಿ. ಆಮೇಲೆ ಅದೇ ಮಕ್ಕಳಿಗೆ ಅದೇ ಅಂಕಿಗಳನ್ನು ಶಾಲೆಯ ಲೆಕ್ಕದ ಹಾಗೆ ಬರಿದಾಗಿ ಕೊಟ್ಟಾಗ ಸರಿಯಾಗಿದ್ದು ಶೇ. 37 ಮಾತ್ರ. ಮಕ್ಕಳು ಐದೇ ಜನ, ಚಿಕ್ಕ ಅಧ್ಯಯನ. ಆದರೆ 2025ರಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಇದೇ ಕಂಡಿತು. ಅದರ ಇನ್ನೊಂದು ಭಾಗ ಇನ್ನೂ ಚೆನ್ನಾಗಿದೆ. ಶಾಲೆ ಲೆಕ್ಕದಲ್ಲಿ ಮುಂದಿದ್ದ, ಕೆಲಸ ಮಾಡದ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕೊಟ್ಟರೆ ಅವರು ತಡವರಿಸಿದರು.

ಈಗ ಆ ಮಗುವಿನ ಜಾಗದಲ್ಲಿ ನಿಂತು ನೋಡಿ. ಮಧ್ಯಾಹ್ನ ಗುಣಾಕಾರಕ್ಕೆ ಸೊನ್ನೆ ಬಿದ್ದಿದೆ. ಸಂಜೆ ಅದೇ ಗುಣಾಕಾರ ಮಾಡಿ ಚಿಲ್ಲರೆ ಕೊಡುತ್ತಾನೆ. ಎರಡೂ ಒಂದೇ ಅಂತ ಅವನಿಗೆ ಯಾರೂ ಹೇಳಿಲ್ಲ. "ಸಂಜೆ ಮಾಡೋದು ಲೆಕ್ಕ ಅಲ್ಲ, ಮಧ್ಯಾಹ್ನದ್ದು ಮಾತ್ರ ಲೆಕ್ಕ, ಅದು ನನಗೆ ಬರಲ್ಲ" ಅಂದುಕೊಂಡೇ ಬೆಳೆಯುತ್ತಾನೆ.

ನಾನು ಮಾಡೋದು ಇಷ್ಟು. ಹಲಗೆ ಹತ್ತಿರ ಕರೆಯೋದಿಲ್ಲ. ಬಾಯಿಲೆಕ್ಕ ಕೇಳುತ್ತೇನೆ, ಕೂತಲ್ಲೇ ಹೇಳಬಹುದು. ಉತ್ತರ ಬಂದ ಮೇಲೆ "ಹೇಗೆ ಮಾಡಿದೆ, ಹೇಳು" ಅಂತ ಅವನ ದಾರಿಯನ್ನೇ ಹಲಗೆ ಮೇಲೆ ನಾನು ಬರೆಯುತ್ತೇನೆ. ಮುವತ್ತೈದನ್ನು ಹತ್ತು ಸಲ ಕೂಡಿಸಬೇಕಾದರೆ ಅವರು ನೂರಾ ಐದು, ನೂರಾ ಐದು, ನೂರಾ ಐದು, ಇನ್ನೊಂದು ಮುವತ್ತೈದು ಅಂತ ಗುಡ್ಡೆ ಹಾಕುತ್ತಾರೆ. ಅದು ಪಕ್ಕಾ ಗಣಿತ. ತರಗತಿಯ ಜಾಣ ಮಕ್ಕಳೇ ಬಾಯಿ ಬಿಟ್ಟು ನೋಡುತ್ತಾರೆ.

ಹಳೆಬೆಂಚು:
ನೋಡಿ, ನಾನು ಹೇಳಿದ್ದೂ ಇದೇ ಅಲ್ವಾ? ಕೆಲಸ ಕಲಿಸುತ್ತದೆ. ಅದನ್ನು ಶಾಲೆ ಗುರುತಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ.

ಮೂರನೇಸಾಲು:
ಇಲ್ಲ ಸರ್, ಇದೇ ಅಲ್ಲ. ಕೆಲಸ ಕಲಿಸಿದ್ದನ್ನು ಗುರುತಿಸೋದು ಬೇರೆ. "ಕೆಲಸ ಒಳ್ಳೆಯದು, ಮಾಡ್ತಾ ಇರು" ಅನ್ನೋದು ಬೇರೆ. ಚಿಲ್ಲರೆ ಲೆಕ್ಕ ಬಂತು ಅಂತ ಬೆಳಗಿನ ಜಾವದ ನಿದ್ದೆ ವಾಪಸ್ ಬರಲ್ಲ. ರಾತ್ರಿ ಚೆನ್ನಾಗಿ ಮಲಗಿ ಎದ್ದು ಬಂದವನೂ ಶಾಲೆಯಲ್ಲಿ ಲೆಕ್ಕ ಕಲಿಯಬಹುದು.

ಎಣಿಕೆ:
ಕೆಲಸಕ್ಕೆ ಗೌರವ ಕೊಡೋಣ ಅಂತ ಹೊರಟು ಕಾನೂನನ್ನೇ ಸಡಿಲ ಮಾಡಿದ ದೇಶವೂ ಇದೆ. ಬೊಲಿವಿಯಾ 2014ರಲ್ಲಿ ಕೆಲವು ಷರತ್ತು ಹಾಕಿ ಹತ್ತು ವರ್ಷದ ಮಕ್ಕಳಿಗೂ ಸ್ವಂತ ದುಡಿಮೆಗೆ ಅವಕಾಶ ಕೊಟ್ಟಿತು. ದುಡಿಯುವ ಮಕ್ಕಳ ಸಂಘಟನೆಗಳೇ ಕಡಿಮೆ ವಯಸ್ಸಿಗೆ ಒತ್ತಾಯ ಮಾಡಿದ್ದವು. "ನಮ್ಮನ್ನು ಅಪರಾಧಿಗಳ ಹಾಗೆ ನೋಡಬೇಡಿ" ಅನ್ನೋದು ಅವರ ವಾದ. ಆ ವಾದದಲ್ಲಿ ಆತ್ಮಗೌರವದ ಮಾತೂ ಇತ್ತು. 2018ರಲ್ಲಿ ಆ ದೇಶ ಮತ್ತೆ 14ಕ್ಕೆ ವಾಪಸ್ ಬಂತು. ಮಕ್ಕಳ ಮಾತು ಕೇಳಬೇಕು, ಖಂಡಿತ. ಆದರೆ ಮಗು ಕೆಲಸ ಕೇಳಿದ್ದು ಬೇರೆ ದಾರಿ ಕಾಣದೆಯೋ, ಇಷ್ಟಪಟ್ಟೋ ಅನ್ನೋದನ್ನೂ ಕೇಳಬೇಕಲ್ಲ.

ಕಪ್ಪುಹಲಗೆ:
ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಬಾಯಿಲೆಕ್ಕದ ಉಪಾಯ ನಾಳೆಯೇ ಶುರು ಮಾಡುತ್ತೇನೆ.

ಒಂದು ಅನುಮಾನ. ಅವನ ಶ್ರಮವನ್ನು ತರಗತಿಯ ಮುಂದೆ ಹೊಗಳಿದರೆ ಹೇಗೆ? "ನೋಡಿ, ಇವನು ದುಡಿದು ಓದುತ್ತಿದ್ದಾನೆ" ಅಂತ. ಉಳಿದ ಮಕ್ಕಳಿಗೂ ಗೌರವ ಬರುತ್ತದೆ ಅಂತ ಯೋಚನೆ.

ಗರಿಕೆ:
ದಯವಿಟ್ಟು ಬೇಡ.

ಮೂರನೇಸಾಲು:
ಬೇಡವೇ ಬೇಡ ಮೇಡಂ. ನನಗೆ ಒಬ್ಬರು ಹೀಗೆ ಮಾಡಿದ್ದರು. ಅವತ್ತಿನವರೆಗೆ ಅರ್ಧ ತರಗತಿಗೆ ನಾನು ಪೇಪರ್ ಹಾಕೋದು ಗೊತ್ತಿರಲಿಲ್ಲ. ಅವತ್ತಿನಿಂದ ಎಲ್ಲರಿಗೂ ಗೊತ್ತಾಯಿತು. ಇನ್ನೊಂದು ತೊಂದರೆ ಏನಂದ್ರೆ, ದುಡಿಯೋದಕ್ಕೇ ಚಪ್ಪಾಳೆ ಬಿದ್ದರೆ ಕೆಲಸ ಬಿಡೋಕೆ ಮನಸ್ಸು ಬರಲ್ಲ. ಮನೆಯಲ್ಲೂ "ಎಂಥ ಜವಾಬ್ದಾರಿ ಹುಡುಗ" ಅಂತಾರೆ. ಅದು ಕೇಳೋಕೆ ಚಂದ. ಆಟ ಆಡಬೇಕು ಅನ್ನಿಸಿದ ದಿನ ಮಾತ್ರ ಏನೋ ಕಳ್ಳತನ ಮಾಡಿದ ಹಾಗೆ ಆಗುತ್ತೆ.

ಘಂಟಾನಾದ:
ನಾನು ಮುಖ್ಯೋಪಾಧ್ಯಾಯ. ತುಂಬಾ ವರ್ಷದಿಂದ ಇಂಥ ಮಕ್ಕಳ ಜೊತೆ ಇದ್ದೇನೆ. ಸಿದ್ಧಾಂತ ನನಗೆ ಅಷ್ಟು ಗೊತ್ತಿಲ್ಲ, ಶಾಲೆಯಲ್ಲಿ ಏನು ಮಾಡಬಹುದು ಅಂತ ಹೇಳುತ್ತೇನೆ.

ಮೊದಲು ಬಾಗಿಲು. ತಡವಾಗಿ ಬಂದ ಮಗು ಕೇಳದೆ ಒಳಗೆ ಬಂದು ಕೂರಬಹುದು ಅಂತ ನಿಯಮ ಮಾಡಿದೆವು. ಕಾರಣವನ್ನು ಪಾಠ ಮುಗಿದ ಮೇಲೆ, ಒಂಟಿಯಾಗಿ ಕೇಳೋದು. ಕೆಲವು ಶಿಕ್ಷಕರು ಶಿಸ್ತು ಹಾಳಾಗುತ್ತದೆ ಅಂತ ಗಲಾಟೆ ಮಾಡಿದರು. ಹಾಳಾಗಲಿಲ್ಲ. ಬಾಗಿಲಲ್ಲಿ ನಿಲ್ಲೋಕೆ ನಾಚಿ ಅರ್ಧ ದಾರಿಯಿಂದ ವಾಪಸ್ ಹೋಗುತ್ತಿದ್ದ ಮಕ್ಕಳು ಬರೋಕೆ ಶುರು ಮಾಡಿದರು.

ನಿದ್ದೆ ಎರಡನೆಯದು. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಹರೆಯದವರಿಗೆ 8ರಿಂದ 10 ಅಂತ ನಿದ್ರಾ ವೈದ್ಯರು ಹೇಳುತ್ತಾರೆ. ಇವರಿಗೆ ಅದರ ಹತ್ತಿರವೂ ಸಿಗಲ್ಲ. ನಿದ್ದೆಗೆಟ್ಟ ಮಗುವಿಗೆ ನೆನಪು ನಿಲ್ಲಲ್ಲ, ಸಿಟ್ಟು ಬೇಗ ಬರುತ್ತದೆ. ಅದನ್ನು ನಾವು ದಡ್ಡತನ, ಒರಟುತನ ಅಂತ ಓದಿಕೊಳ್ಳುತ್ತೇವೆ. ತೂಕಡಿಸುವ ಮಗುವಿಗೆ ಸೀಮೆಸುಣ್ಣ ಎಸೆಯೋದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆಯಿತು.

ಹೋಂವರ್ಕನ್ನು ಶಾಲೆಯಲ್ಲೇ ಮುಗಿಸೋಕೆ ಒಂದು ಪೀರಿಯಡ್ ಇಟ್ಟಿದ್ದೇವೆ. ಎಲ್ಲರಿಗೂ. ಅವರಿಗೆ ಮಾತ್ರ ಇಟ್ಟರೆ ಅದೇ ಇನ್ನೊಂದು ಹಣೆಪಟ್ಟಿ. "ಯಾರ್ಯಾರು ಕೆಲಸಕ್ಕೆ ಹೋಗ್ತೀರಿ, ಎದ್ದು ನಿಲ್ಲಿ" ಅನ್ನೋ ಸಮೀಕ್ಷೆ ನಮ್ಮಲ್ಲಿ ನಿಷಿದ್ಧ.

ಮೇಡಂ, ಇನ್ನೊಂದು ಮಾತು, ಬೇಜಾರಾಗಬೇಡಿ. ಹುಡುಗನಿಗೆ ತರಗತಿಯಲ್ಲಿ ಧೈರ್ಯ ತುಂಬೋದು ಒಂದು ಕಡೆ ಇರಲಿ. ಗ್ಯಾರೇಜು ಅಂದರೆ ಜಾಕಿ ಮೇಲೆ ನಿಂತ ಗಾಡಿ, ಪೆಟ್ರೋಲು, ವೆಲ್ಡಿಂಗ್ ಬೆಳಕು. ಏಳನೇ ತರಗತಿಯ ಮಗು ಇರಬೇಕಾದ ಜಾಗ ಅಲ್ಲ. ಅದನ್ನು ನೋಡಿಯೂ ಸುಮ್ಮನಿರೋಕೆ ಆಗಲ್ಲ. ಆದರೆ ಮಗುವಿಗೆ ಗೊತ್ತಿಲ್ಲದ ಹಾಗೆ ದೂರು ಕೊಟ್ಟು, ನಾಲ್ಕು ಜನರ ಎದುರು ಅವನನ್ನು ಎಳೆದುಕೊಂಡು ಬಂದರೆ ಅವನಿಗೆ ಇದ್ದ ಒಂದೇ ಗೌರವದ ಜಾಗವೂ ಹೋಗುತ್ತದೆ. ಮೊದಲು ಮನೆಯವರ ಜೊತೆ ಮಾತಾಡಿ. ದುಡ್ಡು ಯಾವುದಕ್ಕೆ ಬೇಕು ಅಂತ ತಿಳಿದುಕೊಳ್ಳಿ. ಸಾಲವೋ, ಕಾಯಿಲೆಯೋ, ಒಂಟಿ ತಾಯಿಯೋ. ಎಷ್ಟೋ ಸಲ ಅವರಿಗೆ ಸಿಗಬೇಕಾದ ನೆರವು ಇದೆ ಅಂತಲೇ ಗೊತ್ತಿರಲ್ಲ. ಮಗುವನ್ನು ಹಿಡಿದಿಟ್ಟಿದ್ದರೆ, ಹೊಡೆಯುತ್ತಿದ್ದರೆ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಕಾಯಬೇಡಿ, ಅವತ್ತೇ ಮಕ್ಕಳ ರಕ್ಷಣೆಯವರಿಗೆ ಹೇಳಿ.

ಎಣಿಕೆ:
ಮನೆಗೆ ನೆರವು ಅನ್ನೋದು ಬರೀ ದಯೆ ಅಲ್ಲ. ಮೆಕ್ಸಿಕೊ 1997ರಲ್ಲಿ, ಬ್ರೆಜಿಲ್ 2003ರಲ್ಲಿ, ಮಕ್ಕಳು ಶಾಲೆಗೆ ಬರಬೇಕು ಅನ್ನೋ ಷರತ್ತಿನ ಮೇಲೆ ಬಡ ಕುಟುಂಬಗಳಿಗೆ ನೇರ ಹಣ ಕೊಡುವ ದೊಡ್ಡ ಯೋಜನೆ ಶುರು ಮಾಡಿದವು. ಮೆಕ್ಸಿಕೊದಲ್ಲಿ ತಾಯಿಯ ಕೈಗೆ ಕೊಡುತ್ತಿದ್ದರು. ಹುಡುಗಿಯರು ಬೇಗ ಶಾಲೆ ಬಿಡುತ್ತಾರೆ ಅಂತ ದೊಡ್ಡ ತರಗತಿಗಳಲ್ಲಿ ಅವರಿಗೆ ಹುಡುಗರಿಗಿಂತ ಜಾಸ್ತಿ ಇಟ್ಟಿದ್ದರು. ಶಾಲೆಗೆ ಹೋಗೋದರಿಂದಲೂ ಮನೆಗೆ ದುಡ್ಡು ಬರುತ್ತದೆ ಅಂದರೆ ಮಗುವಿನ ಮನಸ್ಸಿನಲ್ಲಿ "ನಾನು ಓದುತ್ತಾ ಕೂತು ಮನೆಗೆ ಭಾರ" ಅನ್ನೋ ಭಾವನೆಗೆ ಜಾಗ ಕಮ್ಮಿ ಆಗುತ್ತದೆ ಅಂತ ನನ್ನ ಅನಿಸಿಕೆ.

ಅಂಗಳ:
ಮುಖ್ಯೋಪಾಧ್ಯಾಯರೇ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರಿಗೆ ಏನು ಮಾಡುತ್ತೀರಿ? ಅವರಿಗೆ ಗ್ಯಾರೇಜಿನ ಮಾಲೀಕ ಇಲ್ಲ, ದೂರು ಕೊಡೋಕೆ.

ಘಂಟಾನಾದ:
ಸರಿಯಾಗಿ ಹಿಡಿದಿರಿ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಶಾಲೆಯ ಹತ್ತಿರವೇ ಇದ್ದರೆ, ಶಾಲೆ ಮುಗಿಯುವವರೆಗೆ ತೆರೆದಿದ್ದರೆ, ಆ ಹುಡುಗಿಯರ ಹಾಜರಿ ತಾನಾಗಿ ಸುಧಾರಿಸುತ್ತದೆ. ಅದಿಲ್ಲದ ಕಡೆ ತಂಗಿಯನ್ನು ಕರೆದುಕೊಂಡೇ ಬರಲಿ ಅಂತ ಬಿಟ್ಟಿದ್ದೇವೆ. ಪಾಠದ ಮಧ್ಯೆ ಅಳುತ್ತದೆ, ಹೌದು. ಅಕ್ಕನಿಗೆ ಮುಜುಗರ ಆಗುತ್ತದೆ, ಅದೂ ಹೌದು. ಒಬ್ಬ ಶಿಕ್ಷಕಿ ಮಗುವನ್ನು ತಾವೇ ಸೊಂಟದ ಮೇಲೆ ಇಟ್ಟುಕೊಂಡು ಪಾಠ ಮುಂದುವರಿಸಿದರು. ಆಮೇಲೆ ಯಾರೂ ನಗಲಿಲ್ಲ.

ಮನೋಲಿಪಿ:
ಒಂದು ವಿನಂತಿ ಎಲ್ಲ ಶಿಕ್ಷಕರಿಗೆ. ನಾನು ಮೇಲೆ ಹೇಳಿದ ಮಾಪನಗಳನ್ನು ಹುಡುಕಿ ತರಗತಿಯಲ್ಲಿ ಹಂಚಬೇಡಿ. "ನಾನು ಯಾವ ಕೆಲಸಕ್ಕೂ ಬಾರದವನು ಅಂತ ಕೆಲವೊಮ್ಮೆ ಅನ್ನಿಸುತ್ತದೆ" ಅನ್ನೋ ಥರದ ವಾಕ್ಯ ಅದರಲ್ಲಿದೆ. ಅದನ್ನು ಓದಿದ ಮಗುವಿನ ಜೊತೆ ಆಮೇಲೆ ಕೂತು ಮಾತಾಡೋರು ಬೇಕು. ಅಂಕ ಎಣಿಸಿ ಫೈಲಿಗೆ ಹಾಕೋಕಲ್ಲ ಅದು. ನಿಮಗೆ ಬೇಕಾದ್ದು ತರಗತಿಯಲ್ಲೇ ಕಾಣುತ್ತದೆ. ಯಾರು ಪ್ರಶ್ನೆ ಕೇಳಲ್ಲ, ಬಿಡುವಿನಲ್ಲಿ ಯಾರು ಒಬ್ಬರೇ ಇರುತ್ತಾರೆ, ತನ್ನ ಪುಸ್ತಕ ಮೇಲಿಡೋಕೆ ಯಾರು ಹಿಂಜರಿಯುತ್ತಾರೆ.

ಮತ್ತೆ ಹಳೆಬೆಂಚು ಸರ್, ದುಡಿದು ಓದಿ ಗಟ್ಟಿಯಾದವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅವರ ಕಥೆ ಕೇಳಿದರೆ ಹೆಚ್ಚಾಗಿ ನಡುವೆ ಒಬ್ಬರು ಯಾರೋ ಬರುತ್ತಾರೆ. ಒಬ್ಬ ಮೇಷ್ಟ್ರು, ಒಬ್ಬ ಚಿಕ್ಕಪ್ಪ, ಪುಸ್ತಕ ಕೊಟ್ಟ ಪಕ್ಕದ ಮನೆಯವರು.

ಹಳೆಬೆಂಚು:
ನನಗೂ ಒಬ್ಬರು ಮೇಷ್ಟ್ರು ಇದ್ದರು, ನಿಜ. ಕೆಲಸ ಮಾಡಿದರೆ ಕೆಡುಕೇ ಆಗುತ್ತದೆ ಅಂತ ನಾನು ಈಗಲೂ ಒಪ್ಪಲ್ಲ. ಆದರೆ ಗರಿಕೆ ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಲೆಕ್ಕದಮೇಷ್ಟ್ರು:
ಕಪ್ಪುಹಲಗೆ ಮೇಡಂ, ಬಾಯಿಲೆಕ್ಕ ಶುರು ಮಾಡುವಾಗ ಒಂದು ಎಚ್ಚರ. ಗ್ಯಾರೇಜಿನ ಉದಾಹರಣೆ ತಗೋಬೇಡಿ. ನಟ್ಟು, ಬೋಲ್ಟು, ಟೈರು ಅಂದ ಕೂಡಲೇ ಎಲ್ಲರೂ ಅವನ ಕಡೆ ತಿರುಗುತ್ತಾರೆ. ಯಾವುದಾದರೂ ಪ್ರವಾಸದ ಖರ್ಚೋ, ಆಟದ ಅಂಕವೋ ಇರಲಿ. ಮೊದಲ ಸಲವೇ ಅವನನ್ನು ಕೇಳಬೇಡಿ, ಮೂರ್ನಾಲ್ಕು ಜನ ಆದ ಮೇಲೆ ಕೇಳಿ. ತಪ್ಪು ಹೇಳಿದರೂ ಹೇಗೆ ಮಾಡಿದೆ ಅಂತ ಕೇಳೋದನ್ನು ಬಿಡಬೇಡಿ. ಅರ್ಧ ದಾರಿಯವರೆಗೆ ಸರಿಯಾಗಿರುತ್ತದೆ, ನೋಡಿ ಬೇಕಾದ್ರೆ.

ಕಪ್ಪುಹಲಗೆ:
ಆಯ್ತು ಮೇಷ್ಟ್ರೇ, ಹಾಗೇ ಮಾಡುತ್ತೇನೆ. ಶನಿವಾರ ಅವನ ತಾಯಿಯನ್ನು ನೋಡೋಕೆ ಹೋಗುತ್ತಿದ್ದೇನೆ. ಘಂಟಾನಾದ ಸರ್, ಹೋದಾಗ ಮೊದಲ ಮಾತೇ ಕೆಲಸದ್ದು ಎತ್ತಬೇಕಾ, ಓದಿನದ್ದಾ?

ಘಂಟಾನಾದ:
ಎರಡೂ ಬೇಡ. ಅವನಿಗೆ ಏನು ಚೆನ್ನಾಗಿ ಬರುತ್ತೆ ಅಂತ ಹೇಳಿ ಶುರು ಮಾಡಿ. ಶಾಲೆಯಿಂದ ಯಾರಾದರೂ ಬಂದರೆ ದೂರು ಹೇಳೋಕೆ ಅಂತಲೇ ಆ ತಾಯಿ ಅಂದುಕೊಂಡಿರುತ್ತಾರೆ. ಹುಡುಗ ಮನೆಯಲ್ಲೇ ಇರೋ ಹೊತ್ತಿಗೆ ಹೋಗಿ, ಅವನೂ ಕೇಳಿಸಿಕೊಳ್ಳಲಿ. ಕೆಲಸದ ಮಾತು ಎರಡನೇ ಸಲ ಹೋದಾಗ ಎತ್ತಿ, ಆದರೆ ಆ ಎರಡನೇ ಸಲವನ್ನು ಬಹಳ ದಿನ ಮುಂದೂಡಬೇಡಿ.